ಹೆಚ್ಚಿದ ಈರುಳ್ಳಿ ಗಾಡಿ ಮೇಲೆ ಎಷ್ಟು ಹೊತ್ತು ಇಡಬಹುದು? (ಮಿರ್ಚಿ-ಮಂಡಕ್ಕಿ, ದಾವಣಗೆರೆ)

ಮಿರ್ಚಿ_ಗಾಡಿ ಕೇಳಿದ್ದು:

ದಾವಣಗೆರೆಯಲ್ಲಿ ಮಿರ್ಚಿ-ಮಂಡಕ್ಕಿ ಗಾಡಿ. ಸಂಜೆ 4ಕ್ಕೆ ಶುರು, ರಾತ್ರಿ 10ಕ್ಕೆ ಬಂದ್. ದಿನಕ್ಕೆ ಹೆಚ್ಚುಕಡಿಮೆ 12 ಕೆಜಿ ಈರುಳ್ಳಿ ಬೇಕು. ಎಪಿಎಂಸಿಯಿಂದ ಪಾಕೆಟ್ (ದೊಡ್ಡ ಚೀಲ) ಲೆಕ್ಕದಲ್ಲಿ ತರೋದು.

ಈಗಿನ ಪದ್ಧತಿ ಹೀಗಿದೆ. ಮಧ್ಯಾಹ್ನ 2ಕ್ಕೆ ಅಷ್ಟೂ ಈರುಳ್ಳಿ ಸುಲಿದು ಸಣ್ಣಗೆ ಹೆಚ್ಚೋದು. ಘಾಟು ಹೋಗ್ಲಿ ಅಂತ ಬಕೆಟ್ ನೀರಲ್ಲಿ ಅರ್ಧ ಗಂಟೆ ಬಿಡೋದು. ಆಮೇಲೆ ಕೈಯಲ್ಲಿ ಹಿಂಡಿ, ಸ್ಟೀಲ್ ಡಬರಿಗೆ ತುಂಬಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ ಗಾಡಿ ಮೇಲೆ ಇಡೋದು. ರಾತ್ರಿ ಮುಚ್ಚೋವರೆಗೂ ಅದೇ ಡಬರಿ.

ಕೇಳಬೇಕಾಗಿದ್ದು ಇಷ್ಟು. ಹೆಚ್ಚಿದ ಈರುಳ್ಳಿ ಹೀಗೆ ಎಷ್ಟು ಗಂಟೆ ಇಡಬಹುದು? ಸಿಪ್ಪೆ ಒಳಗೆ ಕಪ್ಪು ಪುಡಿ ಇರೋ ಗೆಡ್ಡೆ ಬಳಸಬಹುದಾ, ಬಿಸಾಕಬೇಕಾ? ಉಪ್ಪು ಅಥವಾ ಲಿಂಬೆರಸ ಹಾಕಿಟ್ಟರೆ ಕೆಡಲ್ವಾ? ಮಿರ್ಚಿ ಎಣ್ಣೆಯಲ್ಲಿ ಬೇಯುತ್ತೆ, ಅದರ ಚಿಂತೆ ಇಲ್ಲ. ಸೀಳಿದ ಮಿರ್ಚಿಗೆ ತುಂಬೋ ಈರುಳ್ಳಿ, ಮಂಡಕ್ಕಿಗೆ ಕಲಸೋ ಈರುಳ್ಳಿ ಎರಡೂ ಹಸಿಯದ್ದೇ, ಅದಕ್ಕೇ ಕೇಳ್ತಿರೋದು.

ಸೂಕ್ಷ್ಮಾಣು_ಲ್ಯಾಬ್ ಉತ್ತರ:

ನೀವು ಬರೆದದ್ದರಲ್ಲಿ ನನಗೆ ಎಲ್ಲಕ್ಕಿಂತ ಅಪಾಯ ಕಾಣೋದು ಆ ಬಕೆಟ್‌ನಲ್ಲಿ. ಗಂಟೆಗಳ ಲೆಕ್ಕ ಆಮೇಲೆ ನೋಡೋಣ.

ಗಟ್ಟಿಯಾದ, ಒಣ ಸಿಪ್ಪೆಯ ಈರುಳ್ಳಿ ಅಂದ್ರೆ ಸೀಲ್ ಮಾಡಿದ ಪ್ಯಾಕೆಟ್ ಇದ್ದಹಾಗೆ. ಒಳಗಿನ ಪದರಗಳಲ್ಲಿ ರೋಗಾಣು ಇರೋದು ತೀರಾ ಕಡಿಮೆ. ಇರೋದೆಲ್ಲ ಹೊರಗೆ: ಒಣ ಸಿಪ್ಪೆ ಮೇಲೆ, ಕತ್ತಿನ ಸುಕ್ಕಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಬೇರಿನ ಬುಡದಲ್ಲಿ. ಬೇರಿನ ಗಡ್ಡವನ್ನು ಹತ್ತಿರದಿಂದ ನೋಡಿ, ಹೊಲದ ಮಣ್ಣು ಅಲ್ಲಿ ಹಾಗೇ ಅಂಟಿಕೊಂಡಿರುತ್ತೆ. ಚಾಕು ಮೊದಲು ಅಲ್ಲಿಗೆ ಹೋಗಿ ಆಮೇಲೆ ಬಿಳಿ ತಿರುಳಿಗೆ ಬಂದರೆ, ಮಣ್ಣನ್ನು ಒಳಗೆ ತುಂಬಿದವರು ನೀವೇ. ಹೀಗೆ ಕೊಳೆಯಾದ ಒಂದು ಗೆಡ್ಡೆ ತಟ್ಟೆಯಲ್ಲಿದ್ದರೆ ಒಂದು ತಟ್ಟೆ ಹಾಳು. ಬಕೆಟ್‌ಗೆ ಬಿದ್ದರೆ 12 ಕೆಜಿಗೂ ಅದೇ ನೀರು ಹಂಚುತ್ತೆ. ಅದರ ಮೇಲೆ ಕೈಯಲ್ಲಿ ಹಿಂಡುತ್ತೀರಿ. ಉಗುರಿನ ಸಂದಿ, ಬೆರಳಿನ ಗಾಯ, ಮೂಗು ಮುಟ್ಟಿದ ಕೈ ಎಲ್ಲದರ ಪಾಲೂ ಸೇರಿತು. ಸ್ಟೆಫಿಲೊಕಾಕಸ್ ಅನ್ನೋ ರೋಗಾಣು ಬರೋದೇ ಹೀಗೆ, ಮನುಷ್ಯರ ಚರ್ಮದಿಂದ, ಮೂಗಿನಿಂದ.

ಅಮೆರಿಕದಲ್ಲಿ 2020ರಲ್ಲಿ ಈರುಳ್ಳಿಯಿಂದ ಸಾಲ್ಮೊನೆಲ್ಲಾ ಅನ್ನೋ ಭೇದಿ ತರೋ ರೋಗಾಣು ಹರಡಿ 48 ರಾಜ್ಯಗಳಲ್ಲಿ 1,127 ಜನ ಕಾಯಿಲೆ ಬಿದ್ದದ್ದು ದಾಖಲಾಯಿತು. ಕೆನಡಾದಲ್ಲಿ ಇನ್ನೂ 515. ಮೂಲ ಅಂತ ಬೊಟ್ಟು ಮಾಡಿದ್ದು ಕೆಂಪು ಈರುಳ್ಳಿಯನ್ನು. ಆದರೂ ಬಿಳಿ, ಹಳದಿ ಈರುಳ್ಳಿಯನ್ನೂ ವಾಪಸ್ ತರಿಸಿದರು, ಒಂದರಿಂದ ಇನ್ನೊಂದಕ್ಕೆ ತಾಗಿರಬಹುದು ಅಂತ. ನಿಮ್ಮ ಬಕೆಟ್ ಮಾಡೋದೂ ಅದೇ ಕೆಲಸ, ಸಣ್ಣ ಪ್ರಮಾಣದಲ್ಲಿ.

ಈಗ ಗಂಟೆ ಲೆಕ್ಕ. 5ರಿಂದ 60 ಡಿಗ್ರಿ ನಡುವೆ ರೋಗಾಣು ಬೆಳೆಯುತ್ತವೆ. ಹೆಚ್ಚಿದ ತರಕಾರಿ ಹೊರಗೆ ಇಡಲು 2 ಗಂಟೆ ಮಿತಿ, ಹೊರಗಿನ ಬಿಸಿ 32 ಡಿಗ್ರಿ ದಾಟಿದರೆ 1 ಗಂಟೆ. ದಾವಣಗೆರೆಯಲ್ಲಿ ಮಾರ್ಚ್‌ನಿಂದ ಮೇವರೆಗೆ ಸಂಜೆ 4ಕ್ಕೆ 32ಕ್ಕಿಂತ ಕಡಿಮೆ ಇರೋ ದಿನ ಹುಡುಕಬೇಕು. ಪಕ್ಕದಲ್ಲಿ ಎಣ್ಣೆ ಬಾಣಲೆಯ ಕಾವು ಬೇರೆ. ಅರ್ಧ ಗಂಟೆಗೊಮ್ಮೆ ಎರಡರಷ್ಟಾಗೋ ರೋಗಾಣು ಅಂತ ಇಟ್ಟುಕೊಂಡರೆ, ಒಂದು ಇದ್ದದ್ದು 4 ಗಂಟೆಗೆ 256, 8 ಗಂಟೆಗೆ 65,536. ಈರುಳ್ಳಿ ಮೇಲೆ ಇಷ್ಟು ವೇಗ ಇರಲಿಕ್ಕಿಲ್ಲ, ಅದರದ್ದೇ ಗಂಧಕದ ಸತ್ವ ಸ್ವಲ್ಪ ತಡೆ ಒಡ್ಡುತ್ತೆ. ಆದರೆ ನೀರಲ್ಲಿ ನೆನೆಸಿ ಹಿಂಡಿದಾಗ ಆ ಸತ್ವವನ್ನೇ ತೊಳೆದು ಚೆಲ್ಲಿರುತ್ತೀರಿ. ನಿಮ್ಮದು ಮಧ್ಯಾಹ್ನ 2ರಿಂದ ರಾತ್ರಿ 10, ಪೂರ್ತಿ 8 ಗಂಟೆ.

ಪರಿಹಾರ ಹೆಚ್ಚೋ ಹೊತ್ತನ್ನು ಒಡೆಯೋದು. 6 ಗಂಟೆ ವ್ಯಾಪಾರಕ್ಕೆ 12 ಕೆಜಿ ಅಂದ್ರೆ ಗಂಟೆಗೆ 2 ಕೆಜಿ. ಮಧ್ಯಾಹ್ನ ಸುಲಿಯೋದಷ್ಟೇ ಮುಗಿಸಿ. ಇಡೀ ಗೆಡ್ಡೆಗಳನ್ನು ತೊಳೆದು, ನೀರು ಬಸಿದು, ಮುಚ್ಚಳ ಇರೋ ಡಬ್ಬಿಯಲ್ಲಿ ನೆರಳಲ್ಲಿ ಇಡಿ, ಫ್ರಿಜ್ ಇದ್ದರೆ ಫ್ರಿಜ್‌ನಲ್ಲಿ. ಗಾಡಿಯಲ್ಲಿ ಗಂಟೆಗೊಮ್ಮೆ 2 ಕೆಜಿ ಹೆಚ್ಚಿ. ಹೊಸದನ್ನು ಹಳೇ ಡಬರಿ ಮೇಲೆ ಸುರೀಬೇಡಿ. ತಳದಲ್ಲಿ ಉಳಿದ ಹಳೇದು, ಅದರ ರಸ ಎರಡೂ ಹೊಸದಕ್ಕೆ ಹೆಪ್ಪು ಹಾಕಿದ ಹಾಗೆ ಕೆಲಸ ಮಾಡುತ್ತವೆ. ಎರಡು ಸಣ್ಣ ಡಬರಿ ಇಟ್ಕೊಳ್ಳಿ. ಒಂದು ಬಳಕೆಯಲ್ಲಿದ್ದರೆ ಇನ್ನೊಂದು ತೊಳೆದು ಬೋರಲು ಹಾಕಿರಬೇಕು.

ಘಾಟಿಗೆ ಬಕೆಟ್ ಬೇಡವೇ ಬೇಡ. ತೂತಿನ ಪಾತ್ರೆಗೆ ಹಾಕಿ ನಲ್ಲಿ ಕೆಳಗೆ ಅರ್ಧ ನಿಮಿಷ ಹರಿಯೋ ನೀರು ಬಿಟ್ಟು ಬಸಿದರೆ ಸಾಕು. ಚಾಕು ಹರಿತವಿದ್ದರೆ ಘಾಟು ಮೊದಲೇ ಕಡಿಮೆ. ಮೊಂಡು ಚಾಕು ತಿರುಳನ್ನು ಜಜ್ಜುತ್ತೆ, ಕಣ್ಣೀರೂ ರಸವೂ ಬರೋದು ಅದರಿಂದ.

ಉಪ್ಪು, ಲಿಂಬೆ ರುಚಿಗೆ ಹಾಕೋ ಅಳತೆಯಲ್ಲಿ ಯಾವ ರಕ್ಷಣೆಯೂ ಇಲ್ಲ. ಉಪ್ಪು ಹಾಕಿಟ್ಟರೆ ರಸ ಬಿಟ್ಟು ಇನ್ನೂ ಒದ್ದೆಯಾಗುತ್ತೆ. ಅರಿಶಿನದ ನೀರೂ ಅಷ್ಟೇ. ಕೆಲಸಕ್ಕೆ ಬರೋದು ವಿನೆಗರ್ ಈರುಳ್ಳಿ. ಆದರೆ ಅದಕ್ಕೆ ಗೆಡ್ಡೆ ಮುಳುಗೋವಷ್ಟು 4-5 ಶೇಕಡಾದ ವಿನೆಗರ್ ಬೇಕು, ಆಮೇಲೆ ಫ್ರಿಜ್ಜೂ ಬೇಕು. ಮಂಡಕ್ಕಿಗೆ ಆ ರುಚಿ ಯಾರಿಗೂ ಹಿಡಿಸಲ್ಲ ಬಿಡಿ.

ಒದ್ದೆ ಬಟ್ಟೆ ತೆಗೆದು ಮುಚ್ಚಳ ಹಾಕಿ. ಅದೇ ಬಟ್ಟೆಯಲ್ಲಿ ಗಾಡಿ ಒರೆಸಿ, ಕೈ ಒರೆಸಿ, ಮತ್ತೆ ಈರುಳ್ಳಿ ಮೇಲೆ ಹೊದಿಸೋದು ಬೇರೆ ಗಾಡಿಗಳಲ್ಲೂ ಕಾಣುತ್ತೆ.

ಚಳ್ಳಕೆರೆ_ಉಳ್ಳಾಗಡ್ಡಿ ಉತ್ತರ:

ಕಪ್ಪು ಪುಡಿ ಬಗ್ಗೆ ನಾನು ಬರೀತೀನಿ. ಅದು ಆಸ್ಪರ್ಜಿಲಸ್ ನೈಜರ್ ಅನ್ನೋ ಬೂಷ್ಟು. ಒಣ ಸಿಪ್ಪೆಗೂ ಮೊದಲ ರಸದ ಪದರಕ್ಕೂ ನಡುವೆ, ನರದ ಗೆರೆ ಹಿಡಿದುಕೊಂಡು ಕಾಡಿಗೆ ಎಳೆದ ಹಾಗೆ ಕೂತಿರುತ್ತೆ. ಸಾಮಾನ್ಯವಾಗಿ ಕತ್ತಿನ ಕಡೆಯಿಂದ ಇಳಿಯೋದು. ಬಿಸಿ ಮತ್ತು ತೇವ ಎರಡೂ ಸೇರಿದರೆ ಹಬ್ಬುತ್ತೆ, ಅದಕ್ಕೇ ಮಳೆಯಲ್ಲಿ ಕಿತ್ತು ಸರಿಯಾಗಿ ಒಣಗಿಸದೆ ಚೀಲ ತುಂಬಿದ ಮಾಲಿನಲ್ಲಿ ಜಾಸ್ತಿ.

ಮೇಲಿನ ಒಂದೆರಡು ಪದರದಲ್ಲಿ ಮಾತ್ರ ಇದ್ದು ಒಳಗೆ ಗಟ್ಟಿ ಇದ್ದರೆ, ಆ ಪದರ ಪೂರ್ತಿ ತೆಗೆದು, ಹರಿಯೋ ನೀರಲ್ಲಿ ತೊಳೆದು ಬಳಸಬಹುದು. ಪುಡಿ ಒಳಗಿನ ಪದರಕ್ಕೂ ಇಳಿದಿದ್ದರೆ, ಗೆಡ್ಡೆ ಮೆತ್ತಗಿದ್ದರೆ, ನೀರು ಜಿನುಗುತ್ತಿದ್ದರೆ ಪೂರ್ತಿ ಬಿಸಾಕಿ. ಸುಲಿಯುವಾಗ ಪುಡಿ ಹಾರಿ ಉಳಿದ ಸುಲಿದ ಗೆಡ್ಡೆ ಮೇಲೆ ಕೂರದ ಹಾಗೆ ಬೇರೆ ಕಡೆ ಸುಲಿಯಿರಿ. ಉಬ್ಬಸ ಅಥವಾ ಬೂಷ್ಟಿನ ಅಲರ್ಜಿ ಇರೋರು ಆ ಕೆಲಸಕ್ಕೆ ಕೂರಬಾರದು. ಹಸಿಯಾಗಿ ತಿನ್ನಿಸೋ ಗಾಡಿಗೆ ಹೇಳೋದಾದರೆ, ಕಾಡಿಗೆ ಹಿಡಿದ ಗೆಡ್ಡೆಯನ್ನು ಬೇರೆ ತೆಗೆದಿಟ್ಟು ಬೇಯಿಸೋದಕ್ಕೆ, ಒಗ್ಗರಣೆಗೆ ಬಳಸಿ. ನಷ್ಟ ಇಲ್ಲ.

2021ರಲ್ಲಿ ಈ ಕಪ್ಪು ಪುಡಿಯಿಂದಲೇ ಬ್ಲ್ಯಾಕ್ ಫಂಗಸ್ ಬರುತ್ತೆ ಅಂತ ವಾಟ್ಸಾಪ್‌ನಲ್ಲಿ ಓಡಿತ್ತು. ಸುಳ್ಳು. ಆ ಕಾಯಿಲೆ ತರೋದು ಮ್ಯೂಕರ್ ಜಾತಿಯ ಬೇರೆಯೇ ಶಿಲೀಂಧ್ರ.

ಈಗ ಕೊಳ್ಳುವಾಗ ನೋಡೋದು. ಗೆಡ್ಡೆಯನ್ನು ಅಂಗೈಯಲ್ಲಿಟ್ಟು ಹೆಬ್ಬೆರಳಲ್ಲಿ ಕತ್ತು ಒತ್ತಿ. ಒಣಗಿ ದಾರದ ಹಾಗೆ ಮುಚ್ಚಿಕೊಂಡಿದ್ದರೆ ಒಳ್ಳೇದು. ಮೆತ್ತಗೆ ಒಳಗೆ ಹೋದರೆ ಕತ್ತಿನ ಕೊಳೆ ಶುರುವಾಗಿದೆ. ಇನ್ನೊಂದು ಮೋಸದ ಕೊಳೆ ಇದೆ: ಹೊರಗಿನಿಂದ ಗಟ್ಟಿ, ಕೊಯ್ದರೆ ನಡುವಿನ ಒಂದೇ ಪದರ ಕಂದು ಬಣ್ಣಕ್ಕೆ ತಿರುಗಿ ಲೋಳೆ. ಬುಡ ಹಿಡಿದು ಒತ್ತಿದರೆ ಒಳಗಿನ ತಿರುಳು ಕತ್ತಿನಿಂದ ಜಾರಿ ಹೊರಗೆ ಬರುತ್ತೆ. ಅದು ಬ್ಯಾಕ್ಟೀರಿಯಾ ಕೊಳೆ. 'ಆ ಪದರ ತೆಗೆದು ಉಳಿದದ್ದು ಹಾಕೋಣ' ಅನ್ನಬೇಡಿ. ಚಾಕು, ಮಣೆ ಎರಡನ್ನೂ ತೊಳೆದೇ ಮುಂದಿನ ಗೆಡ್ಡೆ ಮುಟ್ಟಿ. ಮೊಳಕೆ ಬಂದದ್ದಕ್ಕೆ ಹೆದರಬೇಡಿ, ಆಲೂಗಡ್ಡೆ ಹಾಗೆ ಅದರಲ್ಲಿ ವಿಷ ಹುಟ್ಟಲ್ಲ. ರುಚಿ ಸಪ್ಪೆ, ಅಷ್ಟೇ.

ನಮ್ಮ ಚಳ್ಳಕೆರೆ, ಹಿರಿಯೂರು ಕಡೆಯ ಮುಂಗಾರು ಬೆಳೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬರುತ್ತೆ. ಗೆಡ್ಡೆಯಲ್ಲಿ ನೀರಿನಂಶ ಜಾಸ್ತಿ, ಕೀಳುವಾಗಲೇ ಮಳೆ. ಅದನ್ನು ತಿಂಗಳುಗಟ್ಟಲೆ ಇಡೋ ಆಸೆ ಬೇಡ, ವಾರಕ್ಕಾಗೋವಷ್ಟೇ ತನ್ನಿ. ಬೇಸಿಗೆಯಲ್ಲಿ ಕಿತ್ತ ಹಿಂಗಾರಿ ಮಾಲು ಚೆನ್ನಾಗಿ ಒಣಗಿದ್ದರೆ ನಾಲ್ಕೈದು ತಿಂಗಳು ತಡೆಯುತ್ತೆ. ಪಾಕೆಟ್ ಬಂದ ಕೂಡಲೇ ನೆಲಕ್ಕೆ ತಾಗದ ಹಾಗೆ ಹಲಗೆ ಮೇಲೆ ಇಡಿ, ಗಾಳಿ ಆಡಬೇಕು. ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರಿ ಎರಡೇ ದಿನಕ್ಕೆ ವಾಸನೆ. ಆಲೂಗಡ್ಡೆ ಪಕ್ಕ ಬೇಡ. ಇಡೋ ಮೊದಲು ತೊಳೆಯಲೇಬೇಡಿ. ತೊಳೆಯೋದು ಹೆಚ್ಚೋ ದಿನ.

ಹೊಲದಲ್ಲಿ ಕೊಳೆ ಎಲ್ಲಿಂದ ಅಂತ ಯಾರಾದರೂ ಕೇಳೇ ಕೇಳ್ತಾರೆ, ಅದಕ್ಕೆ ಈಗಲೇ. ಹಸಿ ಗೊಬ್ಬರ, ಕೊಳಚೆ ಸೇರಿದ ನೀರು, ಹೊಲದಲ್ಲಿ ಅಡ್ಡಾಡೋ ದನ-ಹಕ್ಕಿ, ಹಳೇ ಚೀಲ. ನಮ್ಮಲ್ಲಿ ಕುರಿ ಮಂದೆ ನಿಲ್ಲಿಸೋ ಪದ್ಧತಿ ಇದೆಯಲ್ಲ, ಅದು ತಪ್ಪಲ್ಲ. ಆದರೆ ಮಣ್ಣಿಗೆ ತಾಗೋ ಬೆಳೆಗೆ, ಹಸಿ ಗೊಬ್ಬರ ಬಿದ್ದ ದಿನದಿಂದ ಕೊಯ್ಲಿಗೆ 120 ದಿನ ಬಿಡಬೇಕು ಅನ್ನೋದು ಅಮೆರಿಕದ ಸಾವಯವ ನಿಯಮ. ಏಪ್ರಿಲ್-ಮೇನಲ್ಲಿ ಮಂದೆ ಬಿಟ್ಟು ಜೂನ್‌ನಲ್ಲಿ ಕೂರಿಗೆ ಹೂಡಿ ಸೆಪ್ಟೆಂಬರ್ ಕೊನೆಗೆ ಕಿತ್ತರೆ ಆ ಲೆಕ್ಕ ತಾನಾಗೇ ಸರಿಹೋಗುತ್ತೆ. ಬೆಳೆ ನಿಂತ ಮೇಲೆ ಹಸಿ ಹಿಕ್ಕೆ ಎರಚಿದರೆ ಸರಿಹೋಗಲ್ಲ. ಕೊಯ್ಲಿಗೆ 10-15 ದಿನ ಮುಂಚೆ ನೀರು ನಿಲ್ಲಿಸಿ, ಕಿತ್ತ ಮೇಲೆ ಸೊಪ್ಪು ಗೆಡ್ಡೆಗೆ ನೆರಳಾಗೋ ಹಾಗೆ 3-5 ದಿನ ಸಾಲಲ್ಲಿ ಹಾಕಿ, ಕತ್ತು 2 ಸೆಂಮೀ ಬಿಟ್ಟು ಕೊಯ್ದು, ಮತ್ತೆ ವಾರ-ಹತ್ತು ದಿನ ನೆರಳಲ್ಲಿ ಒಣಗಿಸಿದರೆ ಕತ್ತು ಮುಚ್ಚಿಕೊಳ್ಳುತ್ತೆ. ಕತ್ತು ಬುಡಕ್ಕೇ ಕೊಯ್ದರೆ ಬೂಷ್ಟಿಗೆ ಬಾಗಿಲು ತೆಗೆದಿಟ್ಟ ಹಾಗೆ.

ಮಿರ್ಚಿ_ಗಾಡಿ:

ಇಬ್ಬರಿಗೂ ವಂದನೆ. ಬಕೆಟ್ ಬಿಡ್ತೀವಿ. ಸುಲಿದ ಇಡೀ ಗೆಡ್ಡೆ ತೊಳೆಯೋಕೆ ಬರೀ ನೀರು ಸಾಕಾ, ಕ್ಲೋರಿನ್ ಹಾಕಬೇಕಾ? ಹಾಕೋದಾದ್ರೆ ಎಷ್ಟು? ಬ್ಲೀಚಿಂಗ್ ಪೌಡರ್ ಅಂದಾಜಲ್ಲಿ ಹಾಕಿದ್ರೆ ವಾಸನೆ ಹೋಗೋದೇ ಇಲ್ಲ.

ನೀರು_ಲೆಕ್ಕ ಉತ್ತರ:

ಅಂದಾಜಲ್ಲಿ ಹಾಕಬೇಡಿ. ಹಸಿ ತರಕಾರಿಗೆ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಹೇಳೋದು 50 ಪಿಪಿಎಂ, ಅಂದ್ರೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್. 10 ಲೀಟರಿಗೆ 500 ಮಿಲಿಗ್ರಾಂ.

ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ ಸಿಕ್ಕರೆ ಅದೇ ಸುಲಭ. ಲೇಬಲ್ ಮೇಲೆ 4% ಇದ್ದರೆ 10 ಲೀಟರ್ ನೀರಿಗೆ 12.5 ಮಿಲಿ, 5% ಇದ್ದರೆ 10 ಮಿಲಿ. ಔಷಧಿ ಅಂಗಡಿಯ ಸಿರಿಂಜಲ್ಲಿ ಅಳೆಯಿರಿ, ಮುಚ್ಚಳದ ಲೆಕ್ಕ ಬೇಡ. ಪರಿಮಳ ಹಾಕಿದ್ದು, ಬಟ್ಟೆಗೆ ಅಂತ ಸೋಪು ಸೇರಿಸಿದ್ದು ತರಕಾರಿಗೆ ಬೇಡ. ತರಕಾರಿ ತೊಳೆಯಲು ಅಂತ ಬರೆದದ್ದೇ ತಗೊಳ್ಳಿ.

ಬ್ಲೀಚಿಂಗ್ ಪೌಡರ್ ಬಳಸೋದಾದರೆ ಮೊದಲು ತಾಯಿ ದ್ರಾವಣ ಮಾಡಿ. 30% ಶಕ್ತಿಯ ಹೊಸ ಪೌಡರ್ 33 ಗ್ರಾಂ ತೂಗಿ, 1 ಲೀಟರ್ ನೀರಲ್ಲಿ ಪ್ಲಾಸ್ಟಿಕ್ ಕಡ್ಡಿಯಲ್ಲಿ ಕದಡಿ, ಅರ್ಧ ಗಂಟೆ ಬಿಡಿ. ಸುಣ್ಣ ತಳಕ್ಕೆ ಕೂರುತ್ತೆ. ಮೇಲಿನ ತಿಳಿ ಸುಮಾರು 1% ಕ್ಲೋರಿನ್. ಅದರಲ್ಲಿ 50 ಮಿಲಿ 10 ಲೀಟರಿಗೆ ಹಾಕಿದರೆ 50 ಪಿಪಿಎಂ. ತಿಳಿ ಆ ದಿನವೇ ಮುಗಿಸಿ. ಬಾಯಿ ಬಿಚ್ಚಿಟ್ಟ ಚೀಲದ ಪೌಡರ್ ವಾರದಿಂದ ವಾರಕ್ಕೆ ಶಕ್ತಿ ಕಳೆದುಕೊಳ್ಳುತ್ತೆ. ನಿಮಗೆ ಒಂದು ದಿನ ವಾಸನೆ, ಇನ್ನೊಂದು ದಿನ ಏನೂ ಇಲ್ಲ ಅನಿಸೋದಕ್ಕೆ ಕಾರಣ ಇದೇ ಇರಬೇಕು.

ಕ್ರಮ ಮುಖ್ಯ. ಮಣ್ಣು, ಸಿಪ್ಪೆ, ರಸ ಇವೆಲ್ಲ ಕ್ಲೋರಿನ್ ತಿಂದುಹಾಕುತ್ತವೆ. ಸಿಪ್ಪೆ ಸಮೇತ ಮುಳುಗಿಸಿದರೆ ಐದು ನಿಮಿಷಕ್ಕೆ ಅದು ಬರೀ ಕೆಂಪು ನೀರು. ಸುಲಿದು, ಕತ್ತು-ಬೇರು ತೆಗೆದು, ಮೊದಲು ಹರಿಯೋ ನೀರು, ಆಮೇಲೆ ಕ್ಲೋರಿನ್ ನೀರಲ್ಲಿ 2ರಿಂದ 5 ನಿಮಿಷ, ಆಮೇಲೆ ಕುಡಿಯೋ ನೀರಲ್ಲಿ ಒಮ್ಮೆ ಜಾಲಿಸಿ ಬಸಿಯೋದು. 4 ಕೆಜಿಗೊಮ್ಮೆ ನೀರು ಬದಲಿಸಿ. ಹೆಚ್ಚಿದ ಮೇಲೆ ಕ್ಲೋರಿನ್ ನೀರು ಹಾಕೋದು ದಂಡ, ಅಲ್ಲಿ ರಸವೇ ಅದನ್ನು ಮುಗಿಸುತ್ತೆ.

ಇಷ್ಟೆಲ್ಲ ಮಾಡಿದರೂ ರೋಗಾಣು ನೂರಕ್ಕೆ ತೊಂಬತ್ತರಿಂದ ತೊಂಬತ್ತೊಂಬತ್ತು ಕಡಿಮೆ ಆಗಬಹುದು, ಪೂರ್ತಿ ಹೋಗಲ್ಲ. ಕ್ಲೋರಿನ್ ಹಾಕಿದ್ದೀವಿ ಅಂತ 8 ಗಂಟೆ ಇಡೋಕೆ ಅದು ಪರವಾನಗಿ ಅಲ್ಲ. ಸಿಪ್ಪೆ ಚೆನ್ನಾಗಿ ತೆಗೆದು ಒಳ್ಳೇ ನೀರಲ್ಲಿ ತೊಳೆದು ಗಂಟೆಗೊಮ್ಮೆ ಹೆಚ್ಚೋ ಗಾಡಿಗೆ ಕ್ಲೋರಿನ್ ಇಲ್ಲದಿದ್ದರೂ ನಡೆಯುತ್ತೆ ಅನ್ನೋದು ನನ್ನ ಅಭಿಪ್ರಾಯ. ಕ್ಲೋರಿನ್ ಇದ್ದೂ ಇಡೀ ದಿನ ಇಡೋ ಗಾಡಿಗಿಂತ ಅದು ವಾಸಿ. ಅದೇ ಅಳತೆಯ ಕ್ಲೋರಿನ್ ನೀರನ್ನು ಕೊತ್ತಂಬರಿ ಸೊಪ್ಪಿಗೆ ಮಾತ್ರ ಬಿಡದೆ ಬಳಸಿ. ಸುಲಿಯೋ ಸಿಪ್ಪೆ ಇಲ್ಲದ, ಮಣ್ಣಿಗೆ ಅಂಟಿಕೊಂಡು ಬೆಳೆದ, ಹಾಗೇ ಹಸಿ ತಿನ್ನೋ ಸೊಪ್ಪು ಅದು. ನಿಮ್ಮ ಗಾಡಿಯಲ್ಲಿ ಈರುಳ್ಳಿಗಿಂತ ಹೆಚ್ಚು ಅನುಮಾನ ಪಡಬೇಕಾದ್ದು ಅದನ್ನೇ.

ನೀರಿನ ಮೂಲವನ್ನೂ ನೋಡಿಕೊಳ್ಳಿ. ನಗರದ ನಲ್ಲಿ ನೀರಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಕ್ಲೋರೋಸ್ಕೋಪ್‌ನಲ್ಲಿ (ಉಳಿಕೆ ಕ್ಲೋರಿನ್ ನೋಡೋ ಸಣ್ಣ ಕಿಟ್) ಔಷಧಿ ಎರಡು ಹನಿ ಹಾಕಿದರೆ ತಿಳಿ ಹಳದಿ ಬರುತ್ತೆ. ಬೋರ್‌ವೆಲ್ ನೀರಲ್ಲಿ ಅದು ಇರಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದು ನಮ್ಮ ಕಡೆಯವರಿಗೆ ಮರೆಯೋ ಹಾಗಿಲ್ಲ. ನೀರು ಕೆಟ್ಟಿದ್ದರೆ ತೊಳೆದಷ್ಟೂ ಕೊಳೆ.

ಇನ್ನೊಂದು ಮಾತು: ಕ್ಲೋರಿನ್ ಜೊತೆ ವಿನೆಗರ್, ಲಿಂಬೆ, ಟಾಯ್ಲೆಟ್ ತೊಳೆಯೋ ಆಸಿಡ್ ಯಾವುದನ್ನೂ ಬೆರೆಸಬೇಡಿ. ಕ್ಲೋರಿನ್ ಗ್ಯಾಸ್ ಏಳುತ್ತೆ, ಎದೆ ಹಿಡಿಯುತ್ತೆ.

ದೋಸೆಕಲ್ಲು ಉತ್ತರ:

ಮಣೆ-ಚಾಕು ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ. ಸುಲಿಯೋ ಜಾಗ, ಹೆಚ್ಚೋ ಜಾಗ ಬೇರೆ ಬೇರೆ ಇರಲಿ. ಸುಲಿಯೋರು ಸುಲಿದು ಮುಗಿಸಿ ಸೋಪಲ್ಲಿ 20 ಸೆಕೆಂಡ್ ಕೈ ತೊಳೆದ ಮೇಲೆಯೇ ಹೆಚ್ಚೋ ಚಾಕು ಮುಟ್ಟಬೇಕು. ಪಾಕೆಟ್ ಚೀಲವನ್ನು ಹೆಚ್ಚೋ ಮೇಜಿನ ಮೇಲೆ ಇಡಲೇಬಾರದು, ಅದು ಲಾರಿ, ಹಮಾಲರ ಬೆನ್ನು, ಮಾರ್ಕೆಟ್ ನೆಲ ಎಲ್ಲ ನೋಡಿಕೊಂಡು ಬಂದಿರುತ್ತೆ.

ಈಳಿಗೆ ಮಣೆ ಬಳಸೋರಿದ್ದರೆ ಒಮ್ಮೆ ಅದರ ಬುಡ ನೋಡಿ. ಅಲಗು ಮರಕ್ಕೆ ಸೇರೋ ಸಂದಿಯಲ್ಲಿ ಕಪ್ಪಗೆ ಮೇಣದ ಹಾಗೆ ಕೂತಿರುತ್ತಲ್ಲ, ಅದು ಒಣಗಿದ ರಸ, ತಿರುಳು, ಮಣ್ಣು. ಮೇಲೆ ನೀರು ಸುರಿದರೆ ಹೋಗಲ್ಲ. ಹಳೇ ಹಲ್ಲುಜ್ಜೋ ಬ್ರಷ್ ಮತ್ತು ಸೋಪಲ್ಲಿ ಉಜ್ಜಿ, ತೊಳೆದು, ಆಮೇಲೆ 200 ಪಿಪಿಎಂ ಕ್ಲೋರಿನ್ ನೀರು (ಲೀಟರಿಗೆ 4% ದ್ರಾವಣ 5 ಮಿಲಿ) ಹಾಕಿ ಎರಡು ನಿಮಿಷ ಬಿಟ್ಟು, ತೊಳೆದು, ಬಿಸಿಲಲ್ಲಿ ನಿಲ್ಲಿಸಿ ಒಣಗಿಸಿ. ಸೋಪಿಗೆ ಮುಂಚೆ ಕ್ಲೋರಿನ್ ಹಾಕಿದರೆ ಉಪಯೋಗ ಇಲ್ಲ. ನೆಲದ ಮೇಲೆ ಕೂತು ಹೆಚ್ಚೋದಾದರೆ ಕೆಳಗೆ ಗೋಣಿ ಬೇಡ, ತೊಳೆಯೋಕೆ ಬರೋ ಶೀಟ್ ಹಾಸಿ. ಮರದ ಮಣೆಯಲ್ಲಿ ಆಳದ ಗೀರು ಬಿದ್ದಿದ್ದರೆ ಕೆತ್ತಿಸಿ, ಇಲ್ಲ ಬದಲಿಸಿ.

ಗಾಡಿಯಲ್ಲಿ ದುಡ್ಡು ತಗೊಳ್ಳೋ ಕೈ, ಮಂಡಕ್ಕಿ ಕಲಸೋ ಕೈ ಒಂದೇ ಆಗಬಾರದು. ಒಬ್ಬರೇ ಇದ್ದರೆ ಕಲಸೋಕೆ ಸೌಟು. ಗ್ಲೌಸ್ ಹಾಕಿಕೊಂಡು ಅದರಲ್ಲೇ ನೋಟು ಎಣಿಸೋರನ್ನು ನೋಡಿದರೆ ಬರಿಗೈಯೇ ವಾಸಿ ಅನಿಸುತ್ತೆ. ಬರಿಗೈ ಜಿಡ್ಡಾದರೆ ತೊಳೀಬೇಕು ಅಂತಾದರೂ ಅನಿಸುತ್ತೆ.

ಈಗ ಹೋಟೆಲ್‌ನವರಿಗೆ. ಹುರಿದ ಈರುಳ್ಳಿ ಬೆಂದಿದೆ, ಏನೂ ಆಗಲ್ಲ ಅನ್ನೋ ನಂಬಿಕೆ ತಪ್ಪು. 1983ರ ಅಕ್ಟೋಬರ್‌ನಲ್ಲಿ ಅಮೆರಿಕದ ಪಿಯೋರಿಯಾ ಊರಲ್ಲಿ 28 ಜನರಿಗೆ ಬಾಟುಲಿಸಂ, ಅಂದ್ರೆ ನರ-ಸ್ನಾಯು ಸೋಲಿಸೋ ಆಹಾರ ವಿಷಬಾಧೆ ಆಯಿತು. ಕಾರಣ ಸ್ಯಾಂಡ್‌ವಿಚ್‌ಗೆ ಹಾಕೋ ಹುರಿದ ಈರುಳ್ಳಿ. ಕರಗಿದ ಮಾರ್ಗರಿನ್ (ಬೆಣ್ಣೆಯಂಥ ಜಿಡ್ಡು) ತುಂಬಿದ ಬಾಣಲೆಯಲ್ಲಿ ಅದನ್ನು ಒಲೆಯ ಉಗುರುಬೆಚ್ಚಗಿನ ಕಾವಿನಲ್ಲಿ ಇಟ್ಟು, ಮತ್ತೆ ಕಾಯಿಸದೆ ಬಡಿಸುತ್ತಿದ್ದರು. ಈ ಕಾಯಿಲೆ ತರೋ, ಮಣ್ಣಿನಲ್ಲಿರೋ ಕ್ಲಾಸ್ಟ್ರಿಡಿಯಂ ಅನ್ನೋ ರೋಗಾಣುವಿನ ಬೀಜಕಣ ಹುರಿಯೋ ಬಿಸಿಗೆ ಸಾಯಲ್ಲ. ಮೇಲೆ ಜಿಡ್ಡು ನಿಂತು ಗಾಳಿ ಹೋಗದಿದ್ದರೆ, ಕಾವು 60ಕ್ಕಿಂತ ಕೆಳಗಿದ್ದರೆ, ಅದು ಚಿಗುರಿ ವಿಷ ಬಿಡುತ್ತೆ. ನಮ್ಮ ಅಡುಗೆಮನೆಗಳಲ್ಲಿ ಈರುಳ್ಳಿ-ಬೆಳ್ಳುಳ್ಳಿ ಮಸಾಲೆ ಹುರಿದು ಮೇಲೆ ಎರಡು ಬೆರಳು ಎಣ್ಣೆ ನಿಲ್ಲಿಸಿ ಒಲೆ ಪಕ್ಕ ರಾತ್ರಿಯೆಲ್ಲ ಬಿಡೋದು ಇದೇ ಜಾತಿಯ ತಪ್ಪು. ಎಣ್ಣೆ ಮುಚ್ಚಿದರೆ ಕೆಡಲ್ಲ ಅನ್ನೋ ಮಾತು ಉಪ್ಪಿನಕಾಯಿಗೆ ಸರಿ, ಅದರಲ್ಲಿ ಹುಳಿ-ಉಪ್ಪು ಇದೆ. ಈರುಳ್ಳಿ ಮಸಾಲೆಯಲ್ಲಿ ಎರಡೂ ಸಾಲದು.

ದೋಸೆಯ ಆಲೂ-ಈರುಳ್ಳಿ ಪಲ್ಯವೂ ಅಷ್ಟೇ. ಕೊಳಗದಲ್ಲಿ ಹಾಗೇ ಬಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತೆ. ಒಂದೋ 60ರ ಮೇಲೆ ಬಿಸಿ ಇಡಿ, ಇಲ್ಲ ಎರಡು ಇಂಚು ದಪ್ಪಕ್ಕೆ ಟ್ರೇಗಳಲ್ಲಿ ಹರಡಿ 2 ಗಂಟೆಯೊಳಗೆ 21 ಡಿಗ್ರಿಗೆ, ಮುಂದಿನ 4 ಗಂಟೆಯೊಳಗೆ 5ಕ್ಕೆ ಇಳಿಸಿ.

ವಾಟ್ಸಾಪ್_ಸಂಶಯ:

ಮಧ್ಯೆ ಬಾಯಿ ಹಾಕ್ತಿದ್ದೀನಿ. ಕೊಯ್ದ ಈರುಳ್ಳಿ ಗಾಳಿಯಲ್ಲಿರೋ ರೋಗಾಣುಗಳನ್ನೆಲ್ಲ ಎಳೆದುಕೊಳ್ಳುತ್ತೆ, ರಾತ್ರಿ ಇಟ್ಟರೆ ವಿಷ ಆಗುತ್ತೆ ಅಂತಾರಲ್ಲ? ಮನೆಯಲ್ಲಿ ಅರ್ಧ ಗೆಡ್ಡೆ ಉಳಿದರೆ ನಾವು ಬಿಸಾಕ್ತೀವಿ.

ಸೂಕ್ಷ್ಮಾಣು_ಲ್ಯಾಬ್:

ಎಳೆಯಲ್ಲ. ಆ ಶಕ್ತಿ ಯಾವ ತರಕಾರಿಗೂ ಇಲ್ಲ. 1919ರ ಫ್ಲೂ ಕಾಲದಲ್ಲಿ ಕೋಣೆ ಕೋಣೆಗೆ ಈರುಳ್ಳಿ ಇಟ್ಟು ಬದುಕಿದರು ಅನ್ನೋ ಕಥೆ ಜೊತೆ ಈ ಮಾತೂ ತಿರುಗುತ್ತಿದೆ. ಕೊಯ್ದ ಈರುಳ್ಳಿಗೆ ರೋಗಾಣು ಬರೋದು ಚಾಕುವಿನಿಂದ, ಕೈಯಿಂದ, ಮಣೆಯಿಂದ. ಅರ್ಧ ಗೆಡ್ಡೆ ಮುಚ್ಚಿದ ಡಬ್ಬಿಯಲ್ಲಿ ಕೂಡಲೇ ಫ್ರಿಜ್‌ಗೆ ಹೋದರೆ 3-4 ದಿನ ಹಸಿಯಾಗಿಯೂ ತಿನ್ನಬಹುದು, ಆಮೇಲೆ ಸಾಂಬಾರಿಗೆ ಹಾಕಿ. 4 ಡಿಗ್ರಿಯಲ್ಲಿ ಸಾಲ್ಮೊನೆಲ್ಲಾ ಬೆಳೆಯಲ್ಲ, ಹಾಗಂತ ಸಾಯೋದೂ ಇಲ್ಲ. ಲಿಸ್ಟೀರಿಯಾ ಅನ್ನೋ ಇನ್ನೊಂದು ರೋಗಾಣು ಫ್ರಿಜ್ಜಲ್ಲೂ ನಿಧಾನಕ್ಕೆ ಬೆಳೆಯುತ್ತೆ, ಅದಕ್ಕೆ ಬಸುರಿಯರು, ವಯಸ್ಸಾದವರು ಇರೋ ಮನೆಯಲ್ಲಿ ಹಳೇದನ್ನು ಹಸಿ ತಿನ್ನಿಸಬೇಡಿ. ಸಿಂಕಿನ ಪಕ್ಕ ರಾತ್ರಿಯೆಲ್ಲ ಬಿದ್ದಿದ್ದ ಅರ್ಧವನ್ನು ಬಿಸಾಕೋದು ಸರಿ, ಕಾರಣ ಮಾತ್ರ ಬೇರೆ.

ಮಿರ್ಚಿ_ಗಾಡಿ:

ಕೊನೇ ಪ್ರಶ್ನೆ. ಶನಿವಾರ-ಭಾನುವಾರ ಜನ ಜಾಸ್ತಿ, ಗಂಟೆಗೊಮ್ಮೆ ಹೆಚ್ಚೋಕೆ ಕೈ ಬಿಡುವಾಗಲ್ಲ. ಐಸ್ ಇಟ್ಟರೆ 4 ಕೆಜಿ ಒಟ್ಟಿಗೆ ಹೆಚ್ಚಿಡಬಹುದಾ?

ಸೂಕ್ಷ್ಮಾಣು_ಲ್ಯಾಬ್:

ಇಡಬಹುದು, ಐಸ್ ಈರುಳ್ಳಿಗೆ ತಾಗದ ಹಾಗೆ. ಬೀದಿಯಲ್ಲಿ ಸಿಗೋ ಐಸ್ ಗಟ್ಟಿ ಕುಡಿಯೋ ನೀರಿನದ್ದು ಅಂತ ನಂಬೋ ಹಾಗಿಲ್ಲ. ಥರ್ಮಾಕೋಲ್ ಪೆಟ್ಟಿಗೆ, ತಳದಲ್ಲಿ ಐಸ್, ಅದರೊಳಗೆ ಮುಚ್ಚಳದ ಸ್ಟೀಲ್ ಡಬ್ಬಿ, ಸುತ್ತಲೂ ಐಸ್ ಡಬ್ಬಿಯ ಮುಕ್ಕಾಲು ಎತ್ತರಕ್ಕೆ. 4 ಕೆಜಿಯನ್ನು 30ರಿಂದ 5 ಡಿಗ್ರಿಗೆ ಇಳಿಸೋಕೇ ಒಂದು ಕೆಜಿಗಿಂತ ಸ್ವಲ್ಪ ಹೆಚ್ಚು ಐಸ್ ಕರಗುತ್ತೆ. ಬಿಸಿಲು, ಬಾಣಲೆ ಕಾವು, ಮುಚ್ಚಳ ತೆಗೆದು ಹಾಕೋದು ಎಲ್ಲ ಸೇರಿಸಿ 4 ಕೆಜಿ ಐಸ್ ಇಟ್ಟುಕೊಳ್ಳಿ. ಡಬ್ಬಿ ಆಳವಾಗಿದ್ದರೆ ನಡುವಿನದ್ದು ತಂಪಾಗಲ್ಲ. ಅಗಲದ ಎರಡು ಡಬ್ಬಿ, ಒಂದೊಂದರಲ್ಲಿ 2 ಕೆಜಿ. ಫ್ರಿಜ್ಜಲ್ಲಿದ್ದ ಸುಲಿದ ಗೆಡ್ಡೆಯನ್ನೇ ಹೆಚ್ಚಿದರೆ ಐಸ್ ಅರ್ಧ ಸಾಕು.

ಕಡ್ಡಿ ಥರ್ಮಾಮೀಟರ್ ಒಂದು ತಗೊಂಡು ನಡುಭಾಗಕ್ಕೆ ಚುಚ್ಚಿ ನೋಡಿ. 5 ಅಥವಾ ಅದಕ್ಕಿಂತ ಕೆಳಗೆ ತೋರಿಸಿದರೆ ಗಂಟೆ ಲೆಕ್ಕ ಬೇಡ. 5 ದಾಟಿದ ಕ್ಷಣದಿಂದ ಮತ್ತೆ ಅದೇ 2 ಗಂಟೆ, ಬೇಸಿಗೆಯಲ್ಲಿ 1. ಗಾಡಿ ಮೇಲೆ ಹೊರಗೆ ಇಡೋದು ಅರ್ಧ ಕೆಜಿಯ ಬಟ್ಟಲು ಮಾತ್ರ, ಖಾಲಿಯಾದಾಗ ಬೇರೆ ಬಟ್ಟಲು.

ರಾತ್ರಿ 10ಕ್ಕೆ ಆ ಬಟ್ಟಲಲ್ಲಿ ಉಳಿದದ್ದು ಬುಟ್ಟಿಗೆ. ಐಸ್ ಪೆಟ್ಟಿಗೆಯ ಡಬ್ಬಿಯಲ್ಲಿ 5 ಡಿಗ್ರಿಯೊಳಗೆ ಉಳಿದದ್ದು ಬೆಳಿಗ್ಗೆಯ ಮಂಡಕ್ಕಿ ಒಗ್ಗರಣೆಗೆ, ಬಾಣಲೆಯಲ್ಲಿ ಬಾಡಿಸಿ.